ಅಪ್ಪನ ವಸಡಿನ ಚಾರ್ಟಲ್ಲಿ 5, 6, 7 ಅಂತ ಬಂದಿದೆ: ಡೀಪ್ ಕ್ಲೀನಿಂಗ್ ಸಾಕಾ, ಫ್ಲಾಪ್ ಸರ್ಜರಿ ಬೇಕಾ?

ಪ್ರಶ್ನೆ – ಹೆಬ್ಬಾಳ_ಕೆರೆ

ಅಪ್ಪನಿಗೆ 58 ವರ್ಷ. ಶುಗರ್ ಇದೆ, ಹೋದ ತಿಂಗಳ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 8.4. ಬಿ.ಪಿ.ಗೆ ಆಮ್ಲೊಡಿಪಿನ್ 5 ಮಿ.ಗ್ರಾಂ., ಜೊತೆಗೆ ದಿನಕ್ಕೊಂದು ಆಸ್ಪಿರಿನ್ 75. ಬೀಡಿ ಸಿಗರೇಟು ಇಲ್ಲ, ಆದರೆ ಊಟವಾದ ಮೇಲೆ ಎಲೆಅಡಿಕೆ, ಅದಕ್ಕೆ ಕಡ್ಡಿಪುಡಿ. ಹಲ್ಲುಜ್ಜಿ ಉಗುಳಿದರೆ ರಕ್ತ, ಬೆಳಗ್ಗೆ ಬಾಯಿ ವಾಸನೆ, ಕೆಳಗಿನ ಎರಡು ಬಾಚಿಹಲ್ಲು ಸ್ವಲ್ಪ ಅಲ್ಲಾಡುತ್ತವೆ. ನೋವಿಲ್ಲ.

ಡೆಂಟಲ್ ಕಾಲೇಜಿನಲ್ಲಿ ಪ್ರತಿ ಹಲ್ಲಿನ ಸುತ್ತ ಅಳತೆ ತೆಗೆದು ಚಾರ್ಟ್ ಕೊಟ್ಟಿದ್ದಾರೆ. ಮುಖ್ಯವಾದ ಸಾಲುಗಳು:

13: 3-2-3 / 3-2-3
16: 5-4-6 / 5-4-5, ರಕ್ತ
31: 4-2-4 / 4-3-4, ವಸಡು ಇಳಿದದ್ದು 3 ಮಿ.ಮೀ., ಮೊಬಿಲಿಟಿ 1
41: ಇದೂ 31ರ ಹಾಗೆಯೇ
46: 6-4-7 / 5-4-6, ಫರ್ಕೇಶನ್ 2, ರಕ್ತ

ಕೆಳಗೆ "ಸ್ಟೇಜ್ 3, ಗ್ರೇಡ್ ಸಿ" ಎಂದಿದೆ. ನಾಲ್ಕು ಸಿಟಿಂಗ್ ಡೀಪ್ ಕ್ಲೀನಿಂಗ್ ಮಾಡಿ ಮೂರು ತಿಂಗಳಿಗೆ ಮತ್ತೆ ಅಳೆಯುತ್ತೇವೆ, ವಸಡು ಬಿಡಿಸಿ ಮಾಡುವ ಫ್ಲಾಪ್ ಸರ್ಜರಿ ವಿಚಾರ ಆಮೇಲೆ ಅಂದರು. ಮನೆಗೆ ಬಂದವರೆಲ್ಲ "ಕ್ಲೀನ್ ಮಾಡಿಸಿದರೆ ಇರೋ ಹಲ್ಲೂ ಸಡಿಲ ಆಗುತ್ತೆ" ಅಂತ ಹೆದರಿಸುತ್ತಿದ್ದಾರೆ. ಚಾರ್ಟ್ ಓದುವುದು ಹೇಗೆ, ಈ ಕ್ರಮ ಸರಿಯೇ, ಮನೆಯಲ್ಲಿ ಏನು ಮಾಡಬೇಕು – ತಿಳಿದವರು ಹೇಳಿ.


ಉತ್ತರ – ವಸಡುವೈದ್ಯೆ_ಮೈಸೂರು

ಮೊದಲು ಹಲ್ಲಿನ ನಂಬರು. ಮೊದಲ ಅಂಕೆ ಬಾಯಿಯ ಕಾಲುಭಾಗ: 1 ಮೇಲೆ ಬಲಕ್ಕೆ, 2 ಮೇಲೆ ಎಡಕ್ಕೆ, 3 ಕೆಳಗೆ ಎಡಕ್ಕೆ, 4 ಕೆಳಗೆ ಬಲಕ್ಕೆ. ಬಲ ಎಡ ಎಂದರೆ ನಿಮ್ಮ ತಂದೆಯವರದು, ಎದುರು ನಿಂತವರದಲ್ಲ. ಎರಡನೇ ಅಂಕೆ ನಡುಮಧ್ಯದಿಂದ ಎಣಿಸಿದರೆ ಎಷ್ಟನೇ ಹಲ್ಲು ಅನ್ನುವುದು. ಹಾಗಾಗಿ 31, 41 ಕೆಳಗಿನ ನಡುವಿನ ಬಾಚಿಹಲ್ಲುಗಳು, 13 ಮೇಲಿನ ಬಲದ ಕೋರೆಹಲ್ಲು, 16 ಮತ್ತು 46 ಬಲಗಡೆಯ ಮೊದಲ ದೊಡ್ಡ ದವಡೆ ಹಲ್ಲುಗಳು.

ಪ್ರತಿ ಹಲ್ಲಿಗೆ ಆರು ಅಳತೆ: ಕೆನ್ನೆಯ ಕಡೆ ಮೂರು, ನಾಲಿಗೆ ಅಥವಾ ಅಂಗುಳಿನ ಕಡೆ ಮೂರು. ಮಿಲಿಮೀಟರ್ ಗುರುತಿರುವ ತೆಳ್ಳನೆಯ ಪ್ರೋಬನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಬಿಟ್ಟಾಗ ಅದು ಎಷ್ಟು ಒಳಗೆ ಹೋಗುತ್ತದೋ ಅದೇ ಪಾಕೆಟ್ಟಿನ ಆಳ. ಆರೋಗ್ಯವಂತ ವಸಡಿನಲ್ಲಿ 1ರಿಂದ 3. ನಾಲ್ಕಾಗಿದ್ದು ರಕ್ತ ಬಾರದಿದ್ದರೆ ಕಣ್ಣಿಟ್ಟರೆ ಸಾಕು. 5, 6 ದಾಟಿದ ಮೇಲೆ ನಿಮ್ಮ ಬ್ರಷ್ಷೂ ಮುಟ್ಟುವುದಿಲ್ಲ, ಮೌತ್‌ವಾಶೂ ತಳಕ್ಕೆ ಇಳಿಯುವುದಿಲ್ಲ.

ಈಗ ಒಂದು ವಿಷಯ ಗಮನಿಸಿ. 46ರ 7 ನೋಡಿ ಎಲ್ಲರೂ ಗಾಬರಿಯಾಗುತ್ತಾರೆ, 31ರ 4 ನೋಡಿ ಸುಮ್ಮನಾಗುತ್ತಾರೆ. ಆದರೆ 31ರಲ್ಲಿ ವಸಡೇ 3 ಮಿ.ಮೀ. ಕೆಳಗಿಳಿದಿದೆ, ಅಲ್ಲಿಂದ ಕೆಳಕ್ಕೆ ಮತ್ತೆ 4 ಮಿ.ಮೀ. ಪಾಕೆಟ್. ಕೂಡಿದರೆ 7. ಅಂದರೆ ಹಲ್ಲನ್ನು ಮೂಳೆಗೆ ಹಿಡಿದಿಡುವ ನಾರು ಅಷ್ಟುದ್ದ ಬಿಟ್ಟುಹೋಗಿದೆ. ಆ ಪುಟ್ಟ ಹಲ್ಲಿನ ಬೇರು ಇರುವುದೇ ಸುಮಾರು 12 ಮಿ.ಮೀ. ಅಲ್ಲಾಡುತ್ತಿರುವುದು ಅದಕ್ಕೇ. 46ರಲ್ಲಿ ವಸಡು ಇಳಿದ ಬಗ್ಗೆ ಏನೂ ಬರೆದಿಲ್ಲ, ಊದಿಕೊಂಡು ಹಲ್ಲಿನ ಮೇಲಕ್ಕೇ ಬಂದಿದ್ದರೂ ಬಂದಿರಬಹುದು. ಹಾಗಿದ್ದರೆ 7ರಲ್ಲಿ ಒಂದೆರಡು ಮಿ.ಮೀ. ಬರೀ ಊತದ ಲೆಕ್ಕ.

46ಕ್ಕೆ ನಿಜವಾದ ತೊಂದರೆ "ಫರ್ಕೇಶನ್ 2" ಅನ್ನುವ ಮಾತು. ಕೆಳಗಿನ ದವಡೆ ಹಲ್ಲಿಗೆ ಎರಡು ಬೇರು. ಅವು ಕವಲೊಡೆಯುವ ಜಾಗದ ಮೂಳೆ ಕರಗಿ ಪ್ರೋಬು ಕವಲಿನೊಳಗೆ ಅಡ್ಡಕ್ಕೆ ಹೋಗುತ್ತಿದೆ, ಆಚೆ ಬದಿಗೆ ಪೂರ್ತಿ ದಾಟುತ್ತಿಲ್ಲ. ಪೂರ್ತಿ ದಾಟಿದರೆ ಅದು 3.

ಸ್ಟೇಜ್ ಅಂದರೆ ಇಲ್ಲಿಯವರೆಗೆ ಎಷ್ಟು ಹಾಳಾಗಿದೆ, ಗ್ರೇಡ್ ಅಂದರೆ ಮುಂದೆ ಎಷ್ಟು ವೇಗವಾಗಿ ಹಾಳಾಗಬಹುದು. ಈ ವಿಂಗಡಣೆ 2018ರಲ್ಲಿ ಬಂತು. ಶುಗರ್ ಇರುವವರ ಎಚ್‌ಬಿಎ1ಸಿ 7 ಅಥವಾ ಮೇಲಿದ್ದರೆ ಗ್ರೇಡ್ ಸಿ ಗೆ ಏರುತ್ತದೆ. ನಿಮ್ಮ ತಂದೆಯವರದು 8.4. ಹಾಗಾಗಿ ಆ "ಸಿ" ಯನ್ನು ಕೆಳಗಿಳಿಸುವ ಕೆಲಸದಲ್ಲಿ ಅರ್ಧ ಹಲ್ಲಿನ ಡಾಕ್ಟರ ಕೈಯಲ್ಲೇ ಇಲ್ಲ.

ಎಕ್ಸ್‌ರೇ ತೆಗೆದಿದ್ದಾರಾ? ಓಪಿಜಿ (ಎರಡೂ ದವಡೆ ಒಟ್ಟಿಗೆ ಕಾಣುವ ದೊಡ್ಡ ಎಕ್ಸ್‌ರೇ) ಒಂದನ್ನೇ ತೆಗೆದಿದ್ದರೆ 31, 41, 46ಕ್ಕೆ ಚಿಕ್ಕ ಫಿಲ್ಮಿನ ಐಓಪಿಎ ಬೇಕು ಎಂದು ಕೇಳಿ. ಓಪಿಜಿಯಲ್ಲಿ ಕತ್ತಿನ ಮೂಳೆಯ ನೆರಳು ಮುಂದಿನ ಹಲ್ಲುಗಳ ಮೇಲೇ ಬೀಳುವುದರಿಂದ ಅಲ್ಲಿ ಮೂಳೆ ಎಲ್ಲಿಯವರೆಗಿದೆ ಅನ್ನುವುದು ಮಸುಕು.

ಅವರು ಹೇಳಿದ ಕ್ರಮ ಸರಿಯಾಗಿಯೇ ಇದೆ.


ಉತ್ತರ – ಸ್ಕೇಲರ್

ಕ್ಲೀನಿಂಗ್‌ನಿಂದ ಹಲ್ಲು ಸಡಿಲವಾಗುತ್ತದೆ ಅನ್ನುವ ಮಾತಿಗೆ ಬರೋಣ. ಜನ ಕಂಡದ್ದು ಸುಳ್ಳಲ್ಲ, ಕಾರಣ ಹೇಳುವುದು ಮಾತ್ರ ತಪ್ಪು.

ಕೆಳಗಿನ ಬಾಚಿಹಲ್ಲುಗಳ ಹಿಂಭಾಗಕ್ಕೆ ನಾಲಿಗೆ ತಾಗಿಸಿ ನೋಡಿ. ಜೊಲ್ಲು ಸುರಿಸುವ ಗ್ರಂಥಿಯ ಬಾಯಿ ನಾಲಿಗೆಯ ಅಡಿಯಲ್ಲಿ, ಸರಿಯಾಗಿ ಆ ಜಾಗದ ಹಿಂದೆಯೇ ತೆರೆಯುತ್ತದೆ. ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟು ಮೆತ್ತಗಿನ ಪಾಚಿಯೊಳಗೆ ಸೇರಿ ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಗಟ್ಟಿಯಾಗುವುದು ಒಂದರಿಂದ ಮೂರು ದಿನದೊಳಗೇ ಶುರು, ಎರಡು ವಾರದೊಳಗೆ ಉಗುರಿಗೂ ಏಳದ ಕಿಟ್ಟ. ವರ್ಷಗಟ್ಟಲೆ ಬಿಟ್ಟರೆ ನಾಲ್ಕೂ ಹಲ್ಲಿನ ಹಿಂದೆ ಒಂದೇ ಕಟ್ಟೆಯಾಗಿ ಕೂತಿರುತ್ತದೆ. ಒಳಗೆ ಮೂಳೆ ಕರಗಿ ಹಲ್ಲು ಆಗಲೇ ಸಡಿಲವಾಗಿದ್ದರೂ ಈ ಕಟ್ಟೆ ಅವನ್ನು ಒಂದಕ್ಕೊಂದು ಹಿಡಿದಿಟ್ಟಿರುತ್ತದೆ. ಕಟ್ಟೆ ತೆಗೆದ ದಿನ ಸಡಿಲ ಗೊತ್ತಾಗುತ್ತದೆ, ಅಷ್ಟೆ. ಊತ ಇಳಿದು ವಸಡು ಬಿಗಿಯಾದ ಮೇಲೆ ಮೊಬಿಲಿಟಿ 1ರ, ಅಂದರೆ ತುಸುವೇ ಅಲ್ಲಾಡುವ, ಹಲ್ಲುಗಳು ಬಹುಪಾಲು ಮೊದಲಿಗಿಂತ ಗಟ್ಟಿಯಾಗುತ್ತವೆ.

ಅಲ್ಟ್ರಾಸಾನಿಕ್ ಸ್ಕೇಲರ್‌ನ ತುದಿ ಸೆಕೆಂಡಿಗೆ 25,000ಕ್ಕೂ ಹೆಚ್ಚು ಸಲ ಕಂಪಿಸಿ ಕಿಟ್ಟವನ್ನು ಒಡೆಯುತ್ತದೆ, ಹಲ್ಲನ್ನು ಕೆತ್ತುವುದಿಲ್ಲ. ನೀರು ಸುರಿಯುತ್ತಿರುವುದು ತುದಿ ಬಿಸಿಯಾಗದಿರಲು. ಒಂದೇ ಕಡೆ ತುದಿಯನ್ನು ನೆಟ್ಟಗೆ ಚುಚ್ಚಿ ಒತ್ತಿದರೆ ಬೇರಿನ ಮೇಲೆ ಗೀರು ಬೀಳುತ್ತದೆ ಅನ್ನುವುದು ನಿಜ, ಅದು ಮಾಡುವವರ ಕೈಯ ದೋಷ.

ಮಾಡಿಸಿದ ಮೇಲೆ ಮೂರು ಬದಲಾವಣೆ ಕಾಣುತ್ತವೆ, ಮೊದಲೇ ಅಪ್ಪನಿಗೆ ಹೇಳಿಡಿ, ಇಲ್ಲದಿದ್ದರೆ ಎರಡನೇ ಸಿಟಿಂಗಿಗೆ ಬರುವುದಿಲ್ಲ. ಹಲ್ಲುಗಳ ನಡುವೆ ಸಂದು ಕಾಣುತ್ತದೆ (ಅಲ್ಲಿ ಇದ್ದದ್ದು ಕಿಟ್ಟ ಮತ್ತು ಊದಿದ ವಸಡು). ಹಲ್ಲು ಉದ್ದವಾದ ಹಾಗೆ ತೋರುತ್ತದೆ. ತಣ್ಣೀರಿಗೆ ಜುಮ್ ಅನ್ನುತ್ತದೆ, ಇದು ಕೆಲವು ದಿನದಿಂದ ಕೆಲವು ವಾರ. ಪೊಟ್ಯಾಸಿಯಂ ನೈಟ್ರೇಟ್ ಇರುವ ಸೆನ್ಸಿಟಿವಿಟಿ ಪೇಸ್ಟನ್ನು ದಿನಕ್ಕೆರಡು ಸಲ ಬಳಸಿದರೆ ಎರಡರಿಂದ ನಾಲ್ಕು ವಾರದಲ್ಲಿ ಹಿಡಿತಕ್ಕೆ ಬರುತ್ತದೆ. ಒಂದೇ ದಿನ ಉಜ್ಜಿ "ಏನೂ ಆಗಲಿಲ್ಲ" ಅಂತ ಬಿಡುವಂತಿಲ್ಲ.

ಇನ್ನೊಂದು ಗೊಂದಲ: ಮಾಮೂಲಿ ಕ್ಲೀನಿಂಗ್ ಬೇರೆ, ಡೀಪ್ ಕ್ಲೀನಿಂಗ್ ಬೇರೆ. ಮೊದಲನೆಯದು ವಸಡಿನ ಮೇಲಿನ ಕಿಟ್ಟಕ್ಕೆ. ಎರಡನೆಯದರಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಪಾಕೆಟ್ಟಿನ ತಳದವರೆಗೆ ಬೇರಿನ ಮೈಯನ್ನು ಸ್ವಚ್ಛ ಮಾಡುತ್ತಾರೆ. ಅಲ್ಲಿರುವ ಕಿಟ್ಟ ಹಳದಿಯಲ್ಲ, ಕಪ್ಪು, ಬೇರಿಗೆ ಅಂಟಿಕೊಂಡಿರುತ್ತದೆ. ಒಂದು ಕಾಲುಭಾಗಕ್ಕೆ ಮುಕ್ಕಾಲರಿಂದ ಒಂದು ಗಂಟೆ. ಇಪ್ಪತ್ತು ನಿಮಿಷದಲ್ಲಿ ಇಡೀ ಬಾಯಿ "ಡೀಪ್" ಮುಗಿಸಿದೆವು ಅಂದರೆ ನಂಬಬೇಡಿ. ಕೆಳದವಡೆ ಎರಡು ಮೂರು ಗಂಟೆ ಮರಗಟ್ಟಿರುತ್ತದೆ, ಅಷ್ಟರಲ್ಲಿ ಊಟಕ್ಕೆ ಕೂತರೆ ತುಟಿ ಕೆನ್ನೆ ಕಚ್ಚಿಕೊಂಡು ಹುಣ್ಣಾಗುತ್ತದೆ.


ಉತ್ತರ – ಫಿಸಿಶಿಯನ್_ಹುಬ್ಬಳ್ಳಿ

ಔಷಧಿಗಳ ಬಗ್ಗೆ ಯಾರೂ ಹೇಳಲಿಲ್ಲ ರೀ, ಅದನ್ನ ನಾ ಹೇಳ್ತೀನಿ.

ಆಮ್ಲೊಡಿಪಿನ್ ಕೆಲವರಲ್ಲಿ ವಸಡು ಬೆಳೆಸುತ್ತದೆ. ಎರಡು ಹಲ್ಲಿನ ನಡುವಿನ ತುದಿಯಿಂದ ಶುರುವಾಗಿ ಗಟ್ಟಿ ಗಂಟಿನಂತೆ ಹಲ್ಲಿನ ಮೇಲಕ್ಕೆ ಬರುತ್ತದೆ. ಫಿಟ್ಸಿಗೆ ಕೊಡುವ ಫಿನಿಟಾಯಿನ್, ಕಿಡ್ನಿ ಕಸಿಯಾದವರ ಸೈಕ್ಲೊಸ್ಪೋರಿನ್ ಕೂಡ ಇದನ್ನೇ ಮಾಡುತ್ತವೆ. ಪಾಚಿ ಹೆಚ್ಚಿದ್ದಷ್ಟೂ ಈ ಬೆಳವಣಿಗೆ ಹೆಚ್ಚು, ಹಾಗಾಗಿ ಬರೀ ಮಾತ್ರೆ ಬದಲಾಯಿಸಿದರೆ ಮುಗಿಯುವುದಿಲ್ಲ, ಬರೀ ಕ್ಲೀನ್ ಮಾಡಿದರೂ ಪೂರ್ತಿ ಇಳಿಯುವುದಿಲ್ಲ. ಹಲ್ಲಿನ ಡಾಕ್ಟರು ಹಾಗೆ ಕಂಡಿದೆ ಎಂದು ಚೀಟಿ ಬರೆದುಕೊಟ್ಟರೆ ನಿಮ್ಮ ಬಿ.ಪಿ. ಡಾಕ್ಟರು ಬೇರೆ ಗುಂಪಿನ ಮಾತ್ರೆಗೆ ಬದಲಿಸಬಹುದು. ನೀವೇ ನಿಲ್ಲಿಸಬೇಡಿ.

ಆಸ್ಪಿರಿನ್ 75 ಅನ್ನೂ ಕ್ಲೀನಿಂಗ್‌ಗೆಂದು ನಿಲ್ಲಿಸುವ ಪದ್ಧತಿ ಬಿಡಬೇಕು. ವಸಡಿನ ರಕ್ತವನ್ನು ಹತ್ತಿ ಒತ್ತಿ ನಿಲ್ಲಿಸಬಹುದು. ಸ್ಟೆಂಟ್ ಹಾಕಿದವರು ಆಸ್ಪಿರಿನ್ ಬಿಟ್ಟು ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಒತ್ತಲು ಜಾಗವಿಲ್ಲ. ವಾರ್ಫರಿನ್ ತಗೊಳ್ಳೋರು ಮಾತ್ರ ಅಪಾಯಿಂಟ್‌ಮೆಂಟಿಗೆ ಮುಂಚೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಪರೀಕ್ಷೆ) ಮಾಡಿಸಿಕೊಂಡು ಹೋಗಬೇಕು. ಕೃತಕ ಕವಾಟ ಹಾಕಿಸಿಕೊಂಡವರು, ಹಿಂದೆ ಹೃದಯದ ಒಳಪದರಕ್ಕೆ ಸೋಂಕಾದವರು ಅದನ್ನು ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳಬೇಕು. ಅವರಿಗೆ ಕ್ಲೀನಿಂಗ್‌ಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಒಂದು ಡೋಸ್ ಆಂಟಿಬಯಾಟಿಕ್ ಬೇಕು.

ಶುಗರ್ ಮತ್ತು ವಸಡು ಎರಡೂ ಕಡೆಯಿಂದ ಎಳೆಯುತ್ತವೆ. ಶುಗರ್ ಹೆಚ್ಚಿದ್ದರೆ ಬಿಳಿ ರಕ್ತಕಣಗಳ ಕೆಲಸ ಕುಂದುತ್ತದೆ, ಗಾಯ ಮಾಯುವುದು ತಡ, ಮೂಳೆ ಬೇಗ ಕರಗುತ್ತದೆ. ಇತ್ತ ವಸಡಿನ ಉರಿಯೂತದಿಂದ ರಕ್ತಕ್ಕೆ ಸೇರುವ ಅಂಶಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಡೀಪ್ ಕ್ಲೀನಿಂಗ್ ಆಗಿ ಮೂರು ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ಇನ್ನೊಂದು ಮಾತ್ರೆ ಸೇರಿಸುವುದೋ ಬೇಡವೋ ಎಂದು ನಾವು ಯೋಚಿಸುವುದು ಅಷ್ಟರ ಮೇಲೇ. 8.4 ಒಂದೇ ಕ್ಲೀನಿಂಗ್‌ನಿಂದ 7 ಆಗುವುದಿಲ್ಲ, ಊಟ ಮತ್ತು ಮಾತ್ರೆ ಎರಡನ್ನೂ ನೋಡಬೇಕು.

ಸಿಟಿಂಗಿಗೆ ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ. ಬೆಳಗಿನ ಸಮಯ ಕೇಳಿ, ತಿಂಡಿ ತಿಂದು, ಶುಗರ್ ಮಾತ್ರೆ ತಗೊಂಡು ಹೋಗಲಿ. ಮಾತ್ರೆ ತಗೊಂಡು ತಿಂಡಿ ಬಿಟ್ಟು ಬಂದು ಕುರ್ಚಿಯಲ್ಲೇ ಬೆವರಿ ತಲೆಸುತ್ತು ಬರುವುದು ಶುಗರ್ ಇಳಿದದ್ದರಿಂದ, ಇಂಜೆಕ್ಷನ್ನಿನಿಂದ ಅಲ್ಲ.


ಪ್ರಶ್ನೆ ಕೇಳಿದವರು – ಹೆಬ್ಬಾಳ_ಕೆರೆ

ತುಂಬಾ ಉಪಕಾರವಾಯಿತು. ಮೆಡಿಕಲ್ ಶಾಪಿನವರು ಮೆಟ್ರೊನಿಡಜೋಲ್ ಐದು ದಿನ ತಗೊಳ್ಳಿ, ರಕ್ತ ನಿಲ್ಲುತ್ತೆ ಅಂದರು. ಅಜ್ಜಿ ಉಪ್ಪು, ಇದ್ದಿಲು ಪುಡಿ ಅಂತಾರೆ, ಅತ್ತೆ ಕೊಬ್ಬರಿ ಎಣ್ಣೆ ಮುಕ್ಕಳಿಸು ಅಂತಾರೆ. ಇದರಲ್ಲಿ ಯಾವುದಾದರೂ ಕೆಲಸ ಮಾಡುತ್ತಾ? ಮತ್ತು ಕಡ್ಡಿಪುಡಿ?


ಉತ್ತರ – ವಸಡುವೈದ್ಯೆ_ಮೈಸೂರು

ಮೆಟ್ರೊನಿಡಜೋಲ್ ಬೇಡ. ಅಂಗಡಿಯಲ್ಲಿ ಕೇಳಿ ನುಂಗುವ ಆಂಟಿಬಯಾಟಿಕ್ ಯಾವುದೂ ಬೇಡ. ಪಾಕೆಟ್ಟಿನಲ್ಲಿ ಬ್ಯಾಕ್ಟೀರಿಯಾ ಬಿಡಿಬಿಡಿಯಾಗಿ ತೇಲುತ್ತಿರುವುದಿಲ್ಲ, ನೀರಿನ ತೊಟ್ಟಿಯ ಗೋಡೆಗೆ ಕೂತ ಲೋಳೆಯಂತೆ ಪದರಪದರವಾಗಿ ಅಂಟಿಕೊಂಡಿರುತ್ತವೆ. ಔಷಧಿ ಮೇಲಿನ ಪದರ ತಟ್ಟಿ ನಿಲ್ಲುತ್ತದೆ. ನಾಲ್ಕು ದಿನ ರಕ್ತ ಕಡಿಮೆಯಾಗುತ್ತದೆ, ಕಾಯಿಲೆ ವಾಸಿಯಾಯಿತು ಎಂದು ಚಿಕಿತ್ಸೆ ಮುಂದೂಡುತ್ತಾರೆ, ಕಿಟ್ಟ ಇದ್ದಲ್ಲೇ ಇರುತ್ತದೆ. ಪೆರಿಯೊಡಾಂಟೈಟಿಸ್‌ಗೆ (ಮೂಳೆ ಕರಗಿಸುವ ಈ ವಸಡಿನ ಕಾಯಿಲೆಗೆ) ಆಂಟಿಬಯಾಟಿಕ್ ಕೊಡುವ ಸಂದರ್ಭಗಳು ಇಲ್ಲವೆಂದಲ್ಲ. ಚಿಕ್ಕ ವಯಸ್ಸಿನಲ್ಲೇ ವೇಗವಾಗಿ ಮೂಳೆ ಕರಗುತ್ತಿರುವವರಿಗೆ, ವಸಡು ಬೂದು ಬಣ್ಣಕ್ಕೆ ತಿರುಗಿ ಕೊಳೆತು ವಿಪರೀತ ನೋವು ಬಂದವರಿಗೆ, ಕೀವುಗಟ್ಟಿ ಜ್ವರ ಬಂದವರಿಗೆ. ಅಲ್ಲೂ ಸ್ವಚ್ಛಗೊಳಿಸುವುದರ ಜೊತೆಗೆ, ಅದರ ಬದಲಿಗೆ ಅಲ್ಲ.

ಉಪ್ಪುನೀರು ಒಳ್ಳೆಯದೇ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ, ದಿನಕ್ಕೆ ಎರಡು ಮೂರು ಸಲ, ಡೀಪ್ ಕ್ಲೀನಿಂಗ್ ಆದ ಮರುದಿನದಿಂದ. ಬಿ.ಪಿ. ಇದೆ, ನುಂಗದೆ ಉಗುಳಲಿ. ಇದ್ದಿಲು ಪುಡಿ, ಹರಳುಪ್ಪು ಹಾಕಿ ಬೆರಳಲ್ಲಿ ಉಜ್ಜುವುದು ಮಾತ್ರ ನಿಲ್ಲಿಸಿ. ವಸಡು ಇಳಿದ ಕಡೆ ಹೊರಗೆ ಕಾಣುತ್ತಿರುವುದು ಬೇರು, ಅದಕ್ಕೆ ಎನಾಮಲ್ ಇಲ್ಲ, ಕೆಲವು ವರ್ಷದಲ್ಲಿ ಕುತ್ತಿಗೆಯ ಹತ್ತಿರ ಕತ್ತರಿಸಿದ ಹಾಗೆ ಸವೆಯುತ್ತದೆ. ಕೊಬ್ಬರಿ ಎಣ್ಣೆ ಮುಕ್ಕಳಿಸಿದರೆ ನಷ್ಟವಿಲ್ಲ, ಬ್ರಷ್ಷಿನ ಬದಲು ಅಂತ ಆಗಬಾರದು. ಲವಂಗದೆಣ್ಣೆಯನ್ನು ಹತ್ತಿಯಲ್ಲಿ ಅದ್ದಿ ವಸಡಿಗೆ ಒತ್ತುವವರಿದ್ದಾರೆ, ವಸಡು ಸುಟ್ಟು ಬೆಳ್ಳಗಾಗುತ್ತದೆ.

ಕಡ್ಡಿಪುಡಿಗೆ ರಿಯಾಯಿತಿ ಇಲ್ಲ. ಇಡುವ ಜಾಗದಲ್ಲೇ ವಸಡು ಇಳಿಯುತ್ತದೆ, ಸುಣ್ಣ ಸೇರಿದರೆ ಅಲ್ಲಿನ ಚರ್ಮ ಬೆಂದಂತಾಗುತ್ತದೆ, ಅದರ ಮೇಲೆ ಬಾಯಿ ಕ್ಯಾನ್ಸರಿನ ಭಯ. ಸಿಗರೇಟಿನವರಿಗೆ ಇನ್ನೊಂದು ಮೋಸ: ನಿಕೋಟಿನ್ ವಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರಕ್ತವೇ ಬರುವುದಿಲ್ಲ, "ನನ್ನ ವಸಡು ಚೆನ್ನಾಗಿದೆ" ಅಂದುಕೊಂಡಿರುತ್ತಾರೆ, ಒಳಗೆ 7 ಮಿ.ಮೀ. ಪಾಕೆಟ್ ಇರುತ್ತದೆ. ಅಡಿಕೆಯನ್ನೂ ಬಿಡಲಿ, ಅದರಿಂದ ಬಾಯಿ ಬಿಗಿಯಾಗುವುದುಂಟು. ಬಾಯಿ ತೆರೆಯುವುದು ಕಡಿಮೆಯಾಗಿದೆಯಾ ಎಂದು ನೋಡಿ: ಮೂರು ಬೆರಳು ನೇರವಾಗಿ ಹಲ್ಲುಗಳ ನಡುವೆ ಹಿಡಿಯಬೇಕು. ಹಿಡಿಯದಿದ್ದರೆ ಕಾಲೇಜಿನಲ್ಲಿ ಅದನ್ನೂ ತೋರಿಸಿ. ಬಾಯಿ ತೆರೆಯದವರ ಹಿಂದಿನ ದವಡೆ ಹಲ್ಲು ಕ್ಲೀನ್ ಮಾಡಲು ಉಪಕರಣವೇ ಹೋಗುವುದಿಲ್ಲ.

ಸರ್ಜರಿ ವಿಚಾರ. ಡೀಪ್ ಕ್ಲೀನಿಂಗ್ ಆಗಿ ಸುಮಾರು ಮೂರು ತಿಂಗಳಿಗೆ ಮತ್ತೆ ಅಳೆಯುವುದು ಏಕೆಂದರೆ ವಸಡು ಬೇರಿಗೆ ಮತ್ತೆ ಅಂಟಿ ನೆಲೆಗೊಳ್ಳಲು ಅಷ್ಟು ಸಮಯ ಬೇಕು. ಬೇಗ ಪ್ರೋಬ್ ಚುಚ್ಚಿದರೆ ಹೊಸದಾಗಿ ಅಂಟಿದ್ದೂ ಬಿಡುತ್ತದೆ. 4ರಿಂದ 6ರ ಪಾಕೆಟ್ಟು ಸರಾಸರಿ ಒಂದರಿಂದ ಒಂದೂವರೆ, 7 ಮತ್ತು ಮೇಲಿನದು ಸುಮಾರು 2 ಮಿ.ಮೀ. ಇಳಿಯುತ್ತದೆ. ಆ ಲೆಕ್ಕದಲ್ಲಿ 16ರ ಬಹುಪಾಲು ಜಾಗ 4ಕ್ಕೆ ಬರಬಹುದು. ರಕ್ತ ಬಾರದ 4 ನಮಗೆ ಗೆಲುವೇ. 46ರ ಕವಲು ಹಾಗೇ ಉಳಿಯುವ ಸಂಭವ ಹೆಚ್ಚು, ಯಾಕೆಂದರೆ ಅದರ ಬಾಯಿ ಹೆಚ್ಚಾಗಿ ಉಪಕರಣದ ತುದಿಗಿಂತಲೂ ಕಿರಿದು. ಆಗ ವಸಡನ್ನು ಬಿಡಿಸಿ, ಕಣ್ಣಿಗೆ ಕಾಣುವಂತೆ ಸ್ವಚ್ಛ ಮಾಡಿ, ಮೂಳೆಪುಡಿ, ಪೊರೆ ಇಟ್ಟು ಹೊಲಿಯುವುದಕ್ಕೆ ಅರ್ಥವಿದೆ. ಕೆಳದವಡೆಯ ಗ್ರೇಡ್ 2 ಕವಲು ಇಂಥ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಜಾತಿ. ಮೇಲಿನ ದವಡೆ ಹಲ್ಲಿಗೆ ಮೂರು ಬೇರು, ಅಲ್ಲಿ ಕಷ್ಟ. ಆದರೆ ಎಚ್‌ಬಿಎ1ಸಿ 7ರ ಆಸುಪಾಸಿಗೆ ಬಾರದೆ, ಕಡ್ಡಿಪುಡಿ ನಿಲ್ಲದೆ ಮೂಳೆಪುಡಿಗೆ ದುಡ್ಡು ಹಾಕಬೇಡಿ, ಅದು ಹಿಡಿಯುವುದಿಲ್ಲ.

31, 41 ಅನ್ನು "ಹೇಗೂ ಹೋಗುತ್ತವೆ, ಕಿತ್ತು ಇಂಪ್ಲಾಂಟ್ ಹಾಕಿಸಿ" ಅಂತ ಯಾರಾದರೂ ಅಂದರೆ ಅಷ್ಟು ಆತುರ ಬೇಡ. ಮೊಬಿಲಿಟಿ 1 ಅಂದರೆ 1 ಮಿ.ಮೀ. ಒಳಗಿನ ಅಲುಗಾಟ. ಕಚ್ಚಲು ತೊಂದರೆ ಕೊಟ್ಟರೆ ಹಿಂಭಾಗದಲ್ಲಿ ತೆಳುತಂತಿ ಅಂಟಿಸಿ ಪಕ್ಕದ ಹಲ್ಲುಗಳಿಗೆ ಕಟ್ಟಬಹುದು. ಇಂಪ್ಲಾಂಟಿನ ಸುತ್ತಲೂ ಇದೇ ಕಾಯಿಲೆ ಬರುತ್ತದೆ, ವಸಡಿನ ಕಾಯಿಲೆಯಿಂದ ಹಲ್ಲು ಕಳೆದುಕೊಂಡವರಿಗೆ ಹೆಚ್ಚು.


ಉತ್ತರ – ಸ್ಕೇಲರ್

ಮನೆಯ ಕೆಲಸ ಹೇಳುತ್ತೇನೆ. ಇದು ಸರಿಯಾಗದಿದ್ದರೆ ಮೇಲಿನದೆಲ್ಲ ಮೂರು ತಿಂಗಳಿಗೆ ಮೊದಲಿನ ಸ್ಥಿತಿಗೆ ಬರುತ್ತದೆ.

ಬ್ರಷ್ ಸಾಫ್ಟ್, ತಲೆ ಚಿಕ್ಕದು. ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಮೇಲೆ ಕೂರುವಂತೆ 45 ಡಿಗ್ರಿ ಓರೆಯಾಗಿಡಿ. ಒತ್ತಬಾರದು, ಎಳೆಗಳ ತುದಿ ವಸಡಿನ ಅಂಚಿನೊಳಗೆ ತುಸು ನುಗ್ಗಿದರೆ ಸಾಕು. ಇದ್ದಲ್ಲೇ ನಡುಗಿಸಿದಂತೆ ಹತ್ತು ಹದಿನೈದು ಸಲ, ಆಮೇಲೆ ಮುಂದಿನ ಎರಡು ಮೂರು ಹಲ್ಲಿಗೆ. ಕೆಳಗಿನ ಬಾಚಿಹಲ್ಲಿನ ಹಿಂಭಾಗಕ್ಕೆ ಬ್ರಷ್ಷನ್ನು ನಿಲ್ಲಿಸಿ ಹಿಡಿದು ತುದಿಯ ಎಳೆಗಳಿಂದ ಉಜ್ಜಬೇಕು. ಹೆಚ್ಚಿನವರು ಬಿಡುವುದು ಅದೇ ಜಾಗ, ಕಿಟ್ಟ ಕೂರುವುದೂ ಅದೇ ಜಾಗ. ಪೂರ್ತಿ ಎರಡು ನಿಮಿಷ, ರಾತ್ರಿ ಮಲಗುವ ಮುಂಚೆ ತಪ್ಪದೆ. ಎಳೆಗಳು ಮೂರು ತಿಂಗಳೊಳಗೇ ಹೂವಿನಂತೆ ಅರಳಿಕೊಂಡರೆ ಒತ್ತುತ್ತಿದ್ದೀರಿ ಎಂದರ್ಥ.

ಆದರೆ ನಿಮ್ಮ ತಂದೆಯವರ ಕಾಯಿಲೆ ಇರುವುದು ಹಲ್ಲುಗಳ ನಡುವೆ. ಚಾರ್ಟ್ ಮತ್ತೆ ನೋಡಿ: ನಡುವಿನ ಅಂಕೆ 2, 4, ಅಕ್ಕಪಕ್ಕದ್ದು 4, 6, 7. ಬ್ರಷ್ ಅಲ್ಲಿಗೆ ಹೋಗುವುದೇ ಇಲ್ಲ. ಸಂದು ದೊಡ್ಡದಾಗಿರುವವರಿಗೆ ಫ್ಲಾಸ್‌ಗಿಂತ ಇಂಟರ್‌ಡೆಂಟಲ್ ಬ್ರಷ್ ವಾಸಿ, ಬಾಟಲಿ ತೊಳೆಯುವ ಬ್ರಷ್ಷಿನದೇ ಪುಟ್ಟ ರೂಪ. ಬೇರಿನ ಮೈಯಲ್ಲಿ ಉದ್ದಕ್ಕೆ ತಗ್ಗು ಇರುತ್ತದೆ, ಫ್ಲಾಸಿನ ದಾರ ಆ ತಗ್ಗಿನ ಮೇಲೆ ಹಾದುಹೋಗುತ್ತದೆ, ಬ್ರಷ್ಷಿನ ಎಳೆ ಒಳಗೆ ಇಳಿಯುತ್ತದೆ. ಬಾಚಿಹಲ್ಲಿಗೆ 0.4 ಅಥವಾ 0.5, ದವಡೆಗೆ 0.6ರಿಂದ 0.8 ಮಿ.ಮೀ. ತಂತಿಯದು ಹೆಚ್ಚಾಗಿ ಹಿಡಿಸುತ್ತದೆ, ಆದರೆ ಸಿಟಿಂಗಿನ ದಿನ ಅವರಿಂದಲೇ ಸೈಜ್ ಹಾಕಿಸಿ ನೋಡಿ. ಪರೀಕ್ಷೆ ಇಷ್ಟೇ: ತಂತಿ ಹಲ್ಲಿಗೆ ತಾಗಬಾರದು, ಎಳೆ ಎರಡೂ ಕಡೆ ತಾಗಬೇಕು. ಒಳಗೆ ಹೋಗಲು ತಿರುಚಿ ತಳ್ಳಬೇಕಾಗಿ ಬಂದರೆ ದೊಡ್ಡದಾಯಿತು, ಗಾಳಿಯಲ್ಲಿ ಆಡಿದ ಹಾಗಿದ್ದರೆ ಚಿಕ್ಕದಾಯಿತು. ಪೇಸ್ಟ್ ಬೇಡ. ಪ್ರತಿ ಸಂದಿನಲ್ಲಿ ಮುಂದೆ ಹಿಂದೆ ಮೂರು ನಾಲ್ಕು ಸಲ, ದಿನಕ್ಕೊಮ್ಮೆ. ತಂತಿ ಬಾಗಿದರೆ ಎಸೆಯಿರಿ, ಇಲ್ಲದಿದ್ದರೆ ತೊಳೆದು ಒಂದು ವಾರ ಬಳಸಬಹುದು.

ಮೊದಲ ಕೆಲವು ದಿನ ಸಂದಿನಿಂದ ರಕ್ತ ಇನ್ನೂ ಹೆಚ್ಚು ಬರುತ್ತದೆ. ಅದನ್ನು ನೋಡಿ ನಿಲ್ಲಿಸುವವರೇ ಹೆಚ್ಚು, ನಿಲ್ಲಿಸಬಾರದ್ದು ಆಗಲೇ. ವಾರ ಎರಡು ವಾರಕ್ಕೆ ತಾನಾಗಿ ಕಡಿಮೆಯಾಗುತ್ತದೆ. ಅಷ್ಟಾದರೂ ಒಂದೇ ಸಂದಿನಲ್ಲಿ ಬರುತ್ತಲೇ ಇದ್ದರೆ ಒಳಗೆ ಕಿಟ್ಟ ಉಳಿದಿದೆ, ಮುಂದಿನ ಭೇಟಿಯಲ್ಲಿ ಆ ಜಾಗ ತೋರಿಸಿ.

ಕ್ಲೋರ್‌ಹೆಕ್ಸಿಡಿನ್ 0.2% ಮೌತ್‌ವಾಶ್ ಬರೆದುಕೊಟ್ಟಿದ್ದರೆ 10 ಮಿ.ಲೀ., ಒಂದು ನಿಮಿಷ, ದಿನಕ್ಕೆರಡು ಸಲ, ಎರಡು ವಾರ ಸಾಕು. ಪೇಸ್ಟ್ ಹಾಕಿ ಉಜ್ಜಿದ ತಕ್ಷಣ ಮುಕ್ಕಳಿಸಬೇಡಿ, ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಅದರ ಶಕ್ತಿ ಕುಗ್ಗಿಸುತ್ತದೆ. ಅರ್ಧ ಗಂಟೆ ಬಿಡಿ. ಆಮೇಲೆ ಕಾಫಿ, ಟೀ ಕುಡಿದರೆ ಹಲ್ಲಿಗೆ ಕಂದು ಕಲೆ ಬೇಗ ಹಿಡಿಯುತ್ತದೆ, ರುಚಿ ಸ್ವಲ್ಪ ದಿನ ಕೆಡುತ್ತದೆ. ತಿಂಗಳುಗಟ್ಟಲೆ ಬಳಸುವ ವಸ್ತುವಲ್ಲ ಅದು.

ಕಲೆ ಅಂದಾಗ ನೆನಪಾಯಿತು: ಪಾವಗಡ, ಕೋಲಾರದಂಥ ಫ್ಲೋರೈಡ್ ನೀರಿನ ಊರುಗಳಲ್ಲಿ ಬೆಳೆದವರ ಹಲ್ಲಿನ ಕಂದು ಮಚ್ಚೆ ಎನಾಮಲ್ಲಿನ ಒಳಗಿನದು. ಅದು ಕಿಟ್ಟವಲ್ಲ, ಎಷ್ಟು ಕ್ಲೀನ್ ಮಾಡಿಸಿದರೂ ಹೋಗುವುದಿಲ್ಲ.


ಉತ್ತರ – ಫಿಸಿಶಿಯನ್_ಹುಬ್ಬಳ್ಳಿ

ಈ ಥ್ರೆಡ್ ಓದುವ ಬೇರೆಯವರಿಗೂ ಒಂದು ಮಾತು. ವಸಡಿನ ರಕ್ತ ಎಲ್ಲಾ ಸಲ ವಸಡಿನ ಕಾಯಿಲೆಯಲ್ಲ. ಜ್ವರ ಬಂದು ಮೂರು ನಾಲ್ಕು ದಿನಕ್ಕೆ ವಸಡಲ್ಲಿ ರಕ್ತ ಕಂಡರೆ ಡೆಂಗಿಯ ಅಪಾಯಸೂಚನೆ, ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಡಿ, ಆಸ್ಪತ್ರೆಗೆ ಹೋಗಿ. ಶಿವಮೊಗ್ಗ, ಉತ್ತರ ಕನ್ನಡದ ಕಾಡಿನಂಚಿನ ಊರುಗಳಲ್ಲಿ ಚಳಿಗಾಲ, ಬೇಸಿಗೆಯ ತಿಂಗಳುಗಳಲ್ಲಿ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯಲ್ಲೂ ಹೀಗಾಗುತ್ತದೆ. ಜ್ವರಕ್ಕೆ ಆಸ್ಪಿರಿನ್, ಬ್ರೂಫೆನ್ ನುಂಗಬಾರದು, ಪ್ಯಾರಸಿಟಮಾಲ್ ಮಾತ್ರ. ಕೆಲವೇ ವಾರದಲ್ಲಿ ವಸಡು ಊದಿ, ಮೈಮೇಲೆ ಕಾರಣವಿಲ್ಲದೆ ನೀಲಿ ಮಚ್ಚೆ ಬಿದ್ದು, ಸುಸ್ತಾದರೆ ರಕ್ತಪರೀಕ್ಷೆ ಅಂದೇ ಮಾಡಿಸಿ. ರಕ್ತದ ಕ್ಯಾನ್ಸರ್ ಕೆಲವು ಸಲ ಹಾಗೆ ಶುರುವಾಗುತ್ತದೆ.

ಗರ್ಭಿಣಿಯರಿಗೆ ಹಾರ್ಮೋನಿನಿಂದ ವಸಡು ಊದುವುದು ಸಾಮಾನ್ಯ. ಕ್ಲೀನಿಂಗ್ ಮಾಡಿಸಬಹುದು, ನಾಲ್ಕರಿಂದ ಆರನೇ ತಿಂಗಳು ಅನುಕೂಲ.

ಇವರ ಅಪ್ಪನಂತೆ ಪಾಕೆಟ್ ಆಳವಿದ್ದು ಶುಗರ್ ಇರುವವರಿಗೆ ವಸಡಲ್ಲಿ ಏಕಾಏಕಿ ಕೀವಿನ ಗಡ್ಡೆ ಏಳಬಹುದು. ಅದೇ ದಿನ ಕ್ಲಿನಿಕ್ಕಿಗೆ ಹೋಗಿ ಕೀವು ತೆಗೆಸಬೇಕು. ಗಲ್ಲದ ಅಡಿ ಊದಿ, ನುಂಗಲು ಆಗದೆ, ನಾಲಿಗೆ ಮೇಲೆದ್ದ ಹಾಗಾದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ, ಉಸಿರಿನ ದಾರಿ ಮುಚ್ಚಿಹೋಗುತ್ತದೆ. ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬೇಕು.


ಪ್ರಶ್ನೆ ಕೇಳಿದವರು – ಹೆಬ್ಬಾಳ_ಕೆರೆ

ಸೋಮವಾರಕ್ಕೆ ಮೊದಲ ಸಿಟಿಂಗ್ ಹಾಕಿಸಿದೆ. ಕೊನೆಯದಾಗಿ ಎರಡು ವಿಷಯ. ನನಗೂ ಉಜ್ಜುವಾಗ ರಕ್ತ ಬರುತ್ತದೆ, 29 ವರ್ಷ, ಪಾಕೆಟ್ ಎಲ್ಲ 3ರ ಒಳಗೆ ಅಂದರು. ನನಗೂ ಮುಂದೆ ಇದೇ ಗತಿಯಾ? ಅಪ್ಪನಿಗೆ ಇದೆಲ್ಲ ಮುಗಿದ ಮೇಲೆ ಎಷ್ಟು ದಿನಕ್ಕೊಮ್ಮೆ ಹೋಗಬೇಕು?


ಉತ್ತರ – ವಸಡುವೈದ್ಯೆ_ಮೈಸೂರು

ನಿಮ್ಮದು ಜಿಂಜಿವೈಟಿಸ್, ಅಂದರೆ ಬರೀ ವಸಡಿನ ಉರಿಯೂತ, ಮೂಳೆ ಇನ್ನೂ ಕರಗಿಲ್ಲ, ಪೂರ್ತಿ ಹಿಂದಕ್ಕೆ ತರಬಹುದು. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹಾರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ ವಸಡಿನ ಹನ್ನೆರಡು ಜನರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಲು ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ನೀವು ಒಮ್ಮೆ ಮಾಮೂಲಿ ಸ್ಕೇಲಿಂಗ್ ಮಾಡಿಸಿ, ಸಂದು ಕಿರಿದಾಗಿರುವುದರಿಂದ ಫ್ಲಾಸ್ ಹಿಡಿಯಿರಿ: ಮೊಳದಷ್ಟು ದಾರ, ಎರಡೂ ನಡುಬೆರಳಿಗೆ ಸುತ್ತಿ, ಹಲ್ಲಿನ ಮೈಯನ್ನು ಬಳಸುವಂತೆ ಬಾಗಿಸಿ ವಸಡಿನ ಅಂಚಿನ ಕೆಳಗೆ ಇಳಿಸಿ, ಮೇಲೆ ಕೆಳಗೆ ಎಳೆಯಬೇಕು. ಗರಗಸದಂತೆ ಎಳೆದು ಫಟ್ಟನೆ ಒಳಗೆ ಬಿಟ್ಟರೆ ನಡುವಿನ ವಸಡು ಕೊಯ್ದುಹೋಗುತ್ತದೆ. ತಂದೆಗೆ ಇದ್ದರೆ ಮಕ್ಕಳಿಗೆ ಬಂದೇ ಬರುತ್ತದೆ ಎಂದಿಲ್ಲ, ಒಲವು ಇರಬಹುದು. ಅದಕ್ಕೇ ವರ್ಷಕ್ಕೊಮ್ಮೆ ಪ್ರೋಬ್ ಹಾಕಿ ಅಳೆಯಲು ನೀವೇ ಕೇಳಿ. ಕನ್ನಡಿ ಹಿಡಿದು ನೋಡಿ "ಚೆನ್ನಾಗಿದೆ" ಅಂದರೆ ಸಾಲದು.

ತಂದೆಯವರಿಗೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ. ಆರು ತಿಂಗಳು ಅನ್ನುವುದು ವಸಡು ಚೆನ್ನಾಗಿರುವವರ ಲೆಕ್ಕ. ಪಾಕೆಟ್ಟಿನ ತಳದಲ್ಲಿ ಬ್ಯಾಕ್ಟೀರಿಯಾ ಮತ್ತೆ ಗುಂಪು ಕಟ್ಟಲು ಎರಡು ಮೂರು ತಿಂಗಳು ಸಾಕು. ಪ್ರತಿ ಭೇಟಿಯಲ್ಲೂ ಹಳೇ ಚಾರ್ಟ್ ತೆಗೆದುಕೊಂಡು ಹೋಗಿ. ಕಾಲೇಜಿನಲ್ಲಿ ಪಿ.ಜಿ. ವಿದ್ಯಾರ್ಥಿಗಳು ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತಾರೆ, ಹೋದ ಸಲದ ಅಂಕೆ ಪಕ್ಕದಲ್ಲಿದ್ದರೆ 46ರ 7 ಈಗ 5 ಆಗಿದೆಯೋ 8 ಆಗಿದೆಯೋ ಅನ್ನುವುದು ಯಾರಿಗಾದರೂ ಒಂದೇ ನೋಟಕ್ಕೆ ತಿಳಿಯುತ್ತದೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಆ ಕಾರ್ಬನ್ ಕಾಪಿ ವರ್ಷದೊಳಗೆ ಮಾಸಿಹೋಗುತ್ತದೆ.